ತಿರುಗಾಟಕ್ಕೂ ಕನ್ನಡ ಜೊತೆಗೆ ಬರಲಿ
(ನಮ್ಮ ಕನ್ನಡ ಶಾಲೆಯ ಪ್ರಮಾಣಪತ್ರ ವಿತರಣಾ ಸಮಾರಂಭದಲ್ಲಿ ಪೋಷಕರೊಬ್ಬರು ಆಡಿದ ಮಾತುಗಳು)



ಇವತ್ತು ಪ್ರಮಾಣಪತ್ರ ಪಡೆಯುತ್ತಿರುವ ಮಕ್ಕಳಿಗೆ ಅಭಿನಂದನೆಗಳು. ವಾರವಿಡೀ ದುಡಿದು, ಶನಿವಾರ ಬೆಳಿಗ್ಗೆ ನಮ್ಮ ಮಕ್ಕಳಿಗಾಗಿ ಎದ್ದು ಬರುವ ಶಿಕ್ಷಕರಿಗೆ ಪೋಷಕರೆಲ್ಲರ ಪರವಾಗಿ ವಂದನೆಗಳು.

ಸುವೊನ್‌ನಲ್ಲಿರುವ ನಮ್ಮಂಥ ಮನೆಗಳಲ್ಲಿ ಶುಕ್ರವಾರ ರಾತ್ರಿ ಒಂದು ಚರ್ಚೆ ನಡೆಯುತ್ತದೆ: ನಾಳೆ ಕನ್ನಡ ತರಗತಿಯೋ, ಊರು ಸುತ್ತುವುದೋ? ನಮ್ಮಲ್ಲಿ ಅನೇಕರು ಕೆಲವೇ ವರ್ಷಗಳ ಕೆಲಸಕ್ಕೆಂದು ಬಂದವರು. ಇರುವಷ್ಟು ದಿನ ಕೊರಿಯಾ ನೋಡಿಬಿಡೋಣ ಎಂಬ ಆಸೆ ಸಹಜ. ನನ್ನ ಮಾತು ಇಷ್ಟೇ: ಎರಡರಲ್ಲಿ ಒಂದನ್ನು ಬಿಡಬೇಕಾಗಿಲ್ಲ. ಶನಿವಾರದ ಪಾಠಕ್ಕೆ ಭಾನುವಾರದ ತಿರುಗಾಟವೇ ಅಭ್ಯಾಸವಾಗಬಹುದು.

ನಮ್ಮ ಮಕ್ಕಳು ಹಗಲೆಲ್ಲ ಕೊರಿಯನ್ ಇಲ್ಲವೇ ಇಂಗ್ಲಿಷಿನಲ್ಲಿ ಇರುತ್ತಾರೆ. ಮನೆಯ ಕನ್ನಡ ‘ಊಟ ಮಾಡು, ಹಲ್ಲುಜ್ಜು, ಬೇಗ ಹೊರಡು’ ಎನ್ನುವುದರಲ್ಲೇ ಮುಗಿಯುತ್ತದೆ. ವಿಡಿಯೋ ಕಾಲ್‌ನಲ್ಲಿ ಅಜ್ಜಿ ‘ಏನು ಪುಟ್ಟಾ ಸಮಾಚಾರ?’ ಎಂದರೆ, ‘ಚೆನ್ನಾಗಿದೀನಿ ಅಜ್ಜಿ’ ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟು ಓಡುತ್ತಾರೆ. ಮಗುವಿಗೆ ಕನ್ನಡ ಬಾರದೆ ಅಲ್ಲ, ಕನ್ನಡದಲ್ಲಿ ಹೇಳುವಂಥ ಸುದ್ದಿ ಅದರ ಬಳಿ ಇಲ್ಲ. ಹೀಗೇ ನಾಲ್ಕು ವರ್ಷ ಕಳೆದರೆ ಅಜ್ಜಿಗೂ ಮೊಮ್ಮಗುವಿಗೂ ನಡುವೆ ನಾವೇ ದುಭಾಷಿಗಳಾಗಿ ನಿಲ್ಲಬೇಕಾಗುತ್ತದೆ.

ಸುದ್ದಿ ಬೇಕೆಂದರೆ ದೂರ ಹೋಗಬೇಕಿಲ್ಲ. ನಮ್ಮ ಊರಿನಲ್ಲೇ ಹ್ವಾಸೊಂಗ್ ಕೋಟೆ ಇದೆ. ತಂದೆಯ ಸಮಾಧಿಯನ್ನು ಈ ಕಡೆಗೆ ತಂದ ರಾಜ ಜೊಂಗ್‌ಜೊ 1794ರಿಂದ 1796ರ ಒಳಗೆ ಇದನ್ನು ಕಟ್ಟಿಸಿದ. ಸುತ್ತಳತೆ ಐದೂವರೆ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಮಕ್ಕಳೊಂದಿಗೆ ಅರ್ಧ ದಿನದ ನಡಿಗೆ. ಉತ್ತರಕ್ಕೆ ಜಾಂಗಾನ್‌ಮುನ್, ದಕ್ಷಿಣಕ್ಕೆ ಪಾಲ್ದಾಲ್‌ಮುನ್, ಹೊಳೆಯ ಮೇಲೆ ಏಳು ಕಮಾನುಗಳ ಹ್ವಾಹೊಂಗ್‌ಮುನ್. ‘ಮುನ್’ ಎಂದರೆ ಬಾಗಿಲು ಎಂದು ಮಕ್ಕಳು ನಮಗೆ ಹೇಳುತ್ತಾರೆ. ಆಗ ನಾವು ಹೆಬ್ಬಾಗಿಲು, ಬುರುಜು, ಕಾವಲು ಗೋಪುರ, ಕಮಾನು ಎಂಬ ಮಾತುಗಳನ್ನು ಅವರಿಗೆ ಕೊಡಬಹುದು. ಮುಂದಿನ ರಜೆಯಲ್ಲಿ ಚಿತ್ರದುರ್ಗಕ್ಕೆ ಹೋದಾಗ ಆ ಮಾತುಗಳು ಅಲ್ಲಿ ಅವರಿಗಾಗಿ ಕಾದಿರುತ್ತವೆ.

ಸಿಯೋಲ್‌ಗೆ ಮೆಟ್ರೋದಲ್ಲೇ ಹೋಗಿಬರಬಹುದು. ಗ್ವಾಂಗ್‌ಹ್ವಾಮುನ್ ಚೌಕದಲ್ಲಿ ರಾಜ ಸೇಜೊಂಗ್‌ನ ಪ್ರತಿಮೆ ಇದೆ. ಜನಸಾಮಾನ್ಯರೂ ಓದಲಿ ಎಂದು 1443ರಲ್ಲಿ ಹಾಂಗುಲ್ ಲಿಪಿಯನ್ನು ರೂಪಿಸಿ, 1446ರಲ್ಲಿ ಪ್ರಕಟಿಸಿದವನು ಅವನು. ಆಗ ಅಕ್ಷರ 28, ಈಗ 24. ಹಾಂಗುಲ್‌ನ ಮೂಲ ವ್ಯಂಜನಗಳ ಆಕಾರವನ್ನು ಉಚ್ಚರಿಸುವಾಗಿನ ನಾಲಗೆ, ಬಾಯಿ, ಗಂಟಲುಗಳ ರೂಪದಿಂದ ತೆಗೆದುಕೊಂಡಿದ್ದಾರೆ. ನಮ್ಮ ವರ್ಣಮಾಲೆಯಲ್ಲಿ ಕವರ್ಗದಿಂದ ಪವರ್ಗದವರೆಗಿನ ಸಾಲುಗಳು ಗಂಟಲಿನಿಂದ ತುಟಿಯ ಕಡೆಗೆ ಬರುತ್ತವಲ್ಲ, ಅದೇ ತಿಳುವಳಿಕೆ ಇಲ್ಲಿ ಅಕ್ಷರದ ಆಕಾರದಲ್ಲೇ ಇದೆ. ವ್ಯಂಜನಕ್ಕೆ ಸ್ವರ ಸೇರಿಸಿ ಒಂದು ಚೌಕದೊಳಗೆ ಬರೆಯುವ ಕ್ರಮವೂ ಕಾಗುಣಿತ ಬಲ್ಲ ಮಗುವಿಗೆ ಹೊಸದಲ್ಲ. ಇಲ್ಲಿಯವರು ಅಕ್ಟೋಬರ್ 9ರಂದು ತಮ್ಮ ಲಿಪಿಗೆ ಹಬ್ಬ ಮಾಡುತ್ತಾರೆ, ಮೂರು ವಾರ ಕಳೆದರೆ ನಮ್ಮ ರಾಜ್ಯೋತ್ಸವ. ಈ ಎರಡರ ನಡುವಿನ ದಿನಗಳಲ್ಲಿ ಶಿಕ್ಷಕರು ಎರಡೂ ಲಿಪಿಗಳನ್ನು ಅಕ್ಕಪಕ್ಕ ಇಟ್ಟು ಪಾಠ ಮಾಡಬಹುದು.

ಹೋಟೆಲಿನಲ್ಲೂ ಅಷ್ಟೇ. ಸಸ್ಯಾಹಾರಿಗಳ ಕಷ್ಟ ನಿಮಗೆ ಗೊತ್ತು, ಕಿಮ್ಚಿಯಲ್ಲೂ ಸಾಮಾನ್ಯವಾಗಿ ಮೀನಿನ ರಸ ಇರುತ್ತದೆ. ಬಿಬಿಂಬಾಪ್‌ಗೆ ಮಾಂಸ ಹಾಕಬೇಡಿ ಎಂದು ಮಗುವೇ ಕೊರಿಯನ್‌ನಲ್ಲಿ ಕೇಳಲಿ. ಆಮೇಲೆ ಅಂಗಡಿಯವರು ಏನಂದರು ಎಂಬುದನ್ನು ನಮಗೆ ಕನ್ನಡದಲ್ಲಿ ಹೇಳಲಿ. ನಡುವೆ ಒಂದೆರಡು ಕೊರಿಯನ್ ಪದ ಬಂದರೆ ಗದರುವುದು ಬೇಡ. ವಾಕ್ಯ ಕನ್ನಡದ್ದಾಗಿದ್ದರೆ ಸಾಕು.

ಒಂದು ಸಲಹೆ. ಪ್ರತಿ ತಿರುಗಾಟದ ರಾತ್ರಿ ಮಗು ಐದು ವಾಕ್ಯ ಬರೆಯಲಿ. ಎಲ್ಲಿಗೆ ಹೋದೆವು, ಏನು ಕಂಡೆ, ಏನು ತಿಂದೆ, ಯಾವುದು ಇಷ್ಟವಾಯಿತು, ಯಾವುದು ಇಷ್ಟವಾಗಲಿಲ್ಲ. ಅದನ್ನೇ ಅಜ್ಜಿಗೆ ಫೋನಿನಲ್ಲಿ ಓದಲಿ. ಅಜ್ಜಿ ಮರುಪ್ರಶ್ನೆ ಕೇಳದೆ ಇರುವುದಿಲ್ಲ, ಮಾತು ತಾನಾಗಿ ಬೆಳೆಯುತ್ತದೆ. ಮುಂದಿನ ಶನಿವಾರ ಆ ಪುಸ್ತಕ ಶಿಕ್ಷಕರ ಕೈಗೆ ಬರಲಿ.

ಬರೆದಿಡುವುದರ ಬೆಲೆ ಏನೆಂದು ಹ್ವಾಸೊಂಗ್ ಕೋಟೆಯೇ ಹೇಳುತ್ತದೆ. ಕಟ್ಟುವಾಗ ನಕ್ಷೆ, ಸಾಮಗ್ರಿ, ಕುಶಲಕರ್ಮಿಗಳ ಹೆಸರು, ಅವರ ಕೂಲಿ ಎಲ್ಲವನ್ನೂ ಬರೆದಿಟ್ಟು 1801ರಲ್ಲಿ ಗ್ರಂಥವಾಗಿ ಅಚ್ಚು ಹಾಕಿದರು. ಕೊರಿಯಾ ಯುದ್ಧದಲ್ಲಿ ಕೋಟೆಯ ಎಷ್ಟೋ ಭಾಗ ಹಾಳಾಯಿತು. 1970ರ ದಶಕದಲ್ಲಿ ಆ ಗ್ರಂಥ ನೋಡಿಕೊಂಡೇ ಮತ್ತೆ ಕಟ್ಟಿದರು. 1997ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಾಳೆ ನಾವು ಬೆಂಗಳೂರಿಗೋ ಇನ್ನಾವುದೋ ದೇಶಕ್ಕೋ ಹೋಗುತ್ತೇವೆ. ಮಕ್ಕಳ ಕೊರಿಯನ್ ಮರೆತುಹೋಗಬಹುದು, ಫೋಟೋಗಳು ಹಳೆಯ ಫೋನಿನಲ್ಲೇ ಉಳಿಯಬಹುದು. ಅವರ ಕೈಬರಹದ ಕನ್ನಡ ಪುಸ್ತಕವಿದ್ದರೆ ಅದರಲ್ಲಿ ಈ ಊರೂ ಉಳಿಯುತ್ತದೆ, ನಮ್ಮ ಭಾಷೆಯೂ ಉಳಿಯುತ್ತದೆ.

ಮಕ್ಕಳೇ, ಪ್ರಮಾಣಪತ್ರ ಸಿಕ್ಕಿತೆಂದು ಬರೆಯುವುದನ್ನು ನಿಲ್ಲಿಸಬೇಡಿ. ನಿಮಗೆಲ್ಲರಿಗೂ ಒಳ್ಳೆಯದಾಗಲಿ.