ಕಡಲಿಲ್ಲದ ಊರಿನ ಈಜುಗಾರರು

ಹಿಮಾಯತ್‌ನಗರದ ಸಂಜೆಯ ಟ್ರಾಫಿಕ್ ದಾಟಿಕೊಂಡು ಇಷ್ಟು ಮಂದಿ ಬಂದಿದ್ದೀರಿ, ಅದೂ ಈಜಿನ ಬಗ್ಗೆ ಕೇಳಲಿಕ್ಕೆ. ಹೋದ ಸಲದ ಉಪನ್ಯಾಸ ವಚನಗಳ ಮೇಲಿತ್ತು. ಇವತ್ತು ನಿಮ್ಮನ್ನು ಸೀದಾ ನೀರಿಗೇ ದಬ್ಬುವವನಿದ್ದೇನೆ.

ಇಲ್ಲಿ ಕೂತ ಹಿರಿಯರಲ್ಲಿ ಬಹಳ ಜನ ಬೀದರ, ಕಲಬುರಗಿ, ರಾಯಚೂರು ಕಡೆಯವರು. 1956ರ ತನಕ ಆ ಜಿಲ್ಲೆಗಳಿಗೆ ಈ ಹೈದರಾಬಾದೇ ರಾಜಧಾನಿ. ನಮ್ಮ ಕಡೆ ಈಜು ಅನ್ನುವುದಿಲ್ಲ, 'ಈಸು' ಅಂತೀವಿ. ನಾನು ಈಸು ಕಲಿತದ್ದು ಹೊಲದ ಬಾವಿಯಲ್ಲಿ. ನಡಕ್ಕೆ ಬೆಂಡು ಕಟ್ಟಿ ಕಾಕಾ ಮೇಲಿನ ಮೆಟ್ಟಿಲಿಂದ ದಬ್ಬಿದರು. ಮೂರು ದಿನ ಮೂಗು-ಬಾಯಲ್ಲೆಲ್ಲ ನೀರು. ನಾಲ್ಕನೇ ದಿನ ಬೆಂಡು ಬಿಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಅದು ಜೀವ ಉಳಿಸಿಕೊಳ್ಳುವ ಈಸು. ದಂಡೆಯ ಮೇಲೆ ಗಡಿಯಾರ ಹಿಡಿದು ನಿಂತವರು ಯಾರೂ ಇರಲಿಲ್ಲ.

ಗಡಿಯಾರದ ಈಜು ಬೇರೆ ಜಾತಿಯದು. ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರ್ ಕಡಲಿದೆ, ಕೃಷ್ಣೆ, ಭೀಮೆ, ತುಂಗಭದ್ರೆ ಇದ್ದಾರೆ. ಆದರೆ ಒಲಿಂಪಿಕ್ಸ್‌ಗೆ ಹೋದವರ ಹೆಸರು ನೋಡಿ: 2000ದಲ್ಲಿ ನಿಶಾ ಮಿಲೆಟ್, 2004ರಲ್ಲಿ ಶಿಖಾ ಟಂಡನ್, 2008ರಲ್ಲಿ ರೆಹಾನ್ ಪೂಂಚಾ, 2012ರಲ್ಲಿ ಗಗನ್ ಉಳ್ಳಾಲಮಠ, ಆಮೇಲೆ ಶ್ರೀಹರಿ ನಟರಾಜ್, ಧಿನಿಧಿ ದೇಸಿಂಗು. ಎಲ್ಲರೂ ಪಳಗಿದ್ದು ಬೆಂಗಳೂರಿನಲ್ಲಿ. ಕಡಲೂ ಇಲ್ಲದ, ಹೇಳಿಕೊಳ್ಳುವಂಥ ಹೊಳೆಯೂ ಇಲ್ಲದ, ಗುಡ್ಡದ ಮೇಲಿನ ಊರಿನಲ್ಲಿ. ಅಲ್ಲಿದ್ದದ್ದು ಐವತ್ತು ಮೀಟರಿನ ಕೆಲವು ಕೊಳ, ಬಸವನಗುಡಿ ಅಕ್ವಾಟಿಕ್ ಸೆಂಟರಿನ ಪ್ರದೀಪ್ ಕುಮಾರ್, ಡಾಲ್ಫಿನ್ ಅಕ್ವಾಟಿಕ್ಸ್‌ನ ನಿಹಾರ್ ಅಮೀನ್ ಅವರಂಥ ಗುರುಗಳು, ಮತ್ತೆ ನಸುಕಿನ ಐದಕ್ಕೆ ನಿದ್ದೆಗಣ್ಣಿನ ಮಗುವನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರುವ ಅಪ್ಪ-ಅಮ್ಮ. ಈ ಇಬ್ಬರು ಗುರುಗಳಿಗೂ ದ್ರೋಣಾಚಾರ್ಯ ಪ್ರಶಸ್ತಿ ಬಂದಿದೆ. ಆ ಸ್ಕೂಟರಿನವರಿಗೆ ಕೊಡುವ ಪ್ರಶಸ್ತಿ ಇನ್ನೂ ಹುಟ್ಟಿಲ್ಲ. ಕೊಲ್ಹಾಪುರದ ವೀರಧವಳ ಖಾಡೆ, ದೆಹಲಿಯ ಸಂದೀಪ್ ಸೇಜ್ವಾಲ್ ಕೂಡ ಊರು ಬಿಟ್ಟು ಬೆಂಗಳೂರಿಗೇ ಬಂದರು.

ನಿಶಾ ಐದು ವರ್ಷದವಳಿದ್ದಾಗ ನೀರಲ್ಲಿ ಮುಳುಗಿ ಬದುಕಿದವಳು. ಆ ಭಯ ಹೋಗಲಿ ಎಂದು ಅಪ್ಪ ಚೆನ್ನೈಯಲ್ಲಿ ಈಜಿಗೆ ಹಾಕಿದರು. ಬೆಂಗಳೂರು ಆಮೇಲಿನ ಮಾತು. 1999ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅವಳು ಗೆದ್ದದ್ದು 14 ಚಿನ್ನ. ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲಿನ ತನ್ನ ಹೀಟ್‌ನಲ್ಲಿ ಮೊದಲು ಗೋಡೆ ಮುಟ್ಟಿದಳು, ಆದರೂ ಸೆಮಿಫೈನಲ್ ಸಿಗಲಿಲ್ಲ. ಇದೆಂಥ ನ್ಯಾಯ ಅನ್ನಿಸಬಹುದು. ಹೀಟ್‌ಗಳನ್ನು ಹಿಂದಿನ ವೇಳೆ ನೋಡಿ ಕಟ್ಟುತ್ತಾರೆ. ನಿಧಾನದವರ ಹೀಟ್‌ನಲ್ಲಿ ಮೊದಲಾಗುವುದಕ್ಕೂ ಒಟ್ಟು ಪಟ್ಟಿಯಲ್ಲಿ ಮೊದಲ ಹದಿನಾರರೊಳಗೆ ಬರುವುದಕ್ಕೂ ಸಂಬಂಧವಿಲ್ಲ. ನಮ್ಮ ಪತ್ರಿಕೆಗಳು ಈ ಮಾತನ್ನು ಬಿಡಿಸಿ ಹೇಳುವುದು ಕಡಿಮೆ.

ಈಗ ಸ್ವಲ್ಪ ದೂರ ಹೋಗಿ ಬರೋಣ. ಬೆಲಾರುಸ್ ಎಂಬ ದೇಶಕ್ಕೂ ಕಡಲಿಲ್ಲ. ಅಲ್ಲಿನ ಅಲಿಯಾಕ್ಸಾಂಡ್ರಾ ಹೆರಾಸಿಮೆನಿಯಾ 2012ರ ಲಂಡನ್ನಿನಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಎರಡರಲ್ಲೂ ಬೆಳ್ಳಿ ಗೆದ್ದಳು, ರಿಯೊದಲ್ಲಿ ಕಂಚು. ಅದಕ್ಕೂ ಮೊದಲು, ಇನ್ನೂ ಹುಡುಗಿಯಾಗಿದ್ದಾಗ, ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಾಲ್ಕು ವರ್ಷ ಹೊರಗಿದ್ದವಳು. 2020ರಲ್ಲಿ ಅಲ್ಲಿನ ಸರಕಾರದ ವಿರುದ್ಧ ಪ್ರತಿಭಟನೆಗಳಾದ ಮೇಲೆ ಅದರ ಕೆಂಗಣ್ಣಿಗೆ ಗುರಿಯಾದ ಕ್ರೀಡಾಪಟುಗಳ ನೆರವಿಗೆಂದು ತನ್ನದೊಂದು ವಿಶ್ವ ಚಾಂಪಿಯನ್‌ಶಿಪ್ ಚಿನ್ನವನ್ನು ಹರಾಜಿಗಿಟ್ಟು 16,000 ಡಾಲರಿಗೆ ಮಾರಿದಳು. ದೇಶ ಬಿಟ್ಟಿದ್ದ ಅವಳಿಗೆ 2022ರಲ್ಲಿ, ಅವಳ ಗೈರುಹಾಜರಿಯಲ್ಲೇ, 12 ವರ್ಷದ ಶಿಕ್ಷೆ ಆಯಿತು. ಅವಳ ಬದುಕನ್ನು ಯಾವ ಒಂದೇ ಖಾನೆಗೆ ಹಾಕಲಿಕ್ಕೂ ನನಗೆ ಮನಸ್ಸಿಲ್ಲ.

ಮದ್ದಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ನಮ್ಮ ಶಿಖಾ ಟಂಡನ್ ಆ ಪರೀಕ್ಷೆಯ ಆಚೆ ದಡದಲ್ಲಿ ನಿಂತವಳು. ಅಥೆನ್ಸ್‌ನಲ್ಲಿ ಎರಡು ಸ್ಪರ್ಧೆಗಳಲ್ಲಿ ಈಜಿ, ಅಮೆರಿಕದಲ್ಲಿ ಓದಿ, ಅಲ್ಲಿನ ಉದ್ದೀಪನ ತಡೆ ಸಂಸ್ಥೆಯಲ್ಲೇ ವಿಜ್ಞಾನ ವಿಭಾಗದ ಕೆಲಸ ಮಾಡಿದಳು. ಅವಳು ಕೊಳಕ್ಕೆ ಇಳಿದದ್ದೇ ತಮ್ಮನ ಉಬ್ಬಸದ ನೆಪದಲ್ಲಿ.

ಅದೇ 2012ರ ಲಂಡನ್ನಿನ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಲಾರುಸ್‌ನ ಇಹಾರ್ ಬೋಕಿ ಐದು ಚಿನ್ನ ಗೆದ್ದ. ದೃಷ್ಟಿ ಮಂದ ಇರುವವರ ವಿಭಾಗ ಅವನದು. 2024ರ ಪ್ಯಾರಿಸ್ ಮುಗಿಯುವಾಗ ಅವನ ಚಿನ್ನಗಳ ಲೆಕ್ಕ 21. ಆ ಲಂಡನ್ನಿಗೇ ಹೋಗಿದ್ದ ಬೆಂಗಳೂರಿನ ಶರತ್ ಗಾಯಕವಾಡ್. ಎಡಗೈ ಪೂರ್ತಿ ಬೆಳೆಯದ ಹುಡುಗ. 2014ರ ಇಂಚಿಯಾನ್ ಪ್ಯಾರಾ ಏಷ್ಯನ್ ಕೂಟದಿಂದ ಆರು ಪದಕ ತಂದ. ಓಟಗಾರ್ತಿ ಪಿ.ಟಿ. ಉಷಾ ಒಂದೇ ಏಷ್ಯನ್ ಕ್ರೀಡಾಕೂಟದಲ್ಲಿ ಗೆದ್ದದ್ದು ಐದು.

ಇನ್ನು ಶ್ರೀಹರಿ. ಬ್ಯಾಕ್‌ಸ್ಟ್ರೋಕ್ ಅಂದರೆ ಅಂಗಾತ ಮಲಗಿ ಈಜುವುದು, ಗೋಡೆ ಕಾಣುವುದಿಲ್ಲ. ಗೋಡೆಗೆ ಐದು ಮೀಟರ್ ಇರುವಾಗ ಮೇಲೆ ಬಣ್ಣದ ಪತಾಕೆಗಳ ಹಗ್ಗ ಕಟ್ಟಿರುತ್ತಾರೆ, ನಮ್ಮ ಜಾತ್ರೆಯ ಪರಪರಿಯ ಹಾಗೆ. ಅದು ಕಣ್ಣಿಗೆ ಬಿದ್ದೊಡನೆ ಕೈಬೀಸು ಎಣಿಸಬೇಕು. ಒಂದು ತಪ್ಪಿದರೆ ತಲೆ ಗೋಡೆಗೆ. 2021ರ ಜೂನಿನಲ್ಲಿ ರೋಮ್‌ನಲ್ಲಿ ಅವನಿಗೆ ಒಲಿಂಪಿಕ್ಸ್‌ಗೆ ಅರ್ಹನಾಗಲು 100 ಮೀಟರಿಗೆ ಬೇಕಿದ್ದದ್ದು 53.85 ಸೆಕೆಂಡ್. ಸ್ಪರ್ಧೆಯಲ್ಲಿ ಬಂದದ್ದು 53.90. ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ: ಆ ವೇಗದಲ್ಲಿ ಅಂತರ ಒಂಬತ್ತು ಸೆಂಟಿಮೀಟರ್ ಚಿಲ್ಲರೆ. ಇಗೋ, ನನ್ನ ಅಂಗೈಯಷ್ಟು ಅಗಲ. ಆಮೇಲೆ ವೇಳೆಗಾಗಿಯೇ ಈಜುವ ಟೈಮ್ ಟ್ರಯಲ್‌ನಲ್ಲಿ 53.77 ಬಂತು. ಅದನ್ನು ವಿಶ್ವ ಈಜು ಸಂಸ್ಥೆ ಒಪ್ಪುವ ತನಕ ಕಾಯಬೇಕಾಯಿತು. ಅದೇ ವರ್ಷದ ಜನವರಿಯಲ್ಲಿ ಅವನು ತಂದೆಯನ್ನು ಕಳೆದುಕೊಂಡಿದ್ದ.

ಧಿನಿಧಿಗೂ ಮೊದಮೊದಲು ನೀರೆಂದರೆ ಆಗದು. ಯಾರ ಜೊತೆಯೂ ಬೆರೆಯದ ಮಗುವಿಗೆ ನಾಲ್ಕು ಗೆಳೆಯರು ಸಿಗಲಿ ಎಂದು ಅಪ್ಪ-ಅಮ್ಮ ಕೊಳಕ್ಕೆ ಕರೆದೊಯ್ದದ್ದು. ಹದಿನಾಲ್ಕನೇ ವಯಸ್ಸಿಗೆ ಪ್ಯಾರಿಸ್‌ನಲ್ಲಿ, ಭಾರತದ ಇಡೀ ತಂಡದಲ್ಲೇ ಚಿಕ್ಕವಳು, 2 ನಿಮಿಷ 6.96 ಸೆಕೆಂಡಿನಲ್ಲಿ 200 ಮೀಟರ್ ಫ್ರೀಸ್ಟೈಲ್ ಮುಗಿಸಿದಳು. 24 ವರ್ಷದ ಹಿಂದೆ ನಿಶಾ ಈಜಿದ್ದೂ ಅದೇ ಸ್ಪರ್ಧೆ.

ನಮ್ಮ ಗಚ್ಚಿಬೌಲಿಯಲ್ಲೂ 2002ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ದೊಡ್ಡ ಕೊಳವಿದೆ. ದಾರಿಯ ಮಾತು ಬಿಡಿ, ನಸುಕಿನ ಐದಕ್ಕೆ ಹಿಮಾಯತ್‌ನಗರದ ರಸ್ತೆಯೂ ಖಾಲಿಯೇ ಇರುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ. ಮುಂದಿನ ಸಾಲಿನ ಅಕ್ಕ ಆಗಲೇ ಕೈ ಎತ್ತಿದ್ದಾರೆ. ಮಗುವಿಗೆ ನೆಗಡಿ ಆಗುವುದಿಲ್ಲವೇ ಅಂತ ತಾನೇ?