ಹಠ ಕಲಿಸಿದ್ದು ಯಾರು?

ಇವತ್ತು ರಾಜಕೀಯ ಇಲ್ಲ. ರೆಸಾರ್ಟ್ ಇಲ್ಲ, ಬಂಡಾಯ ಇಲ್ಲ. ಇವತ್ತಿನ ಬ್ರೇಕಿಂಗ್ ನ್ಯೂಸ್ ನಮ್ಮ ಮನೆಯದ್ದೇ.

ಮೂರು ವಾರದ ಹಿಂದೆ, ಒಂದು ಭಾನುವಾರ ಸಂಜೆ ಸೂಪರ್ ಮಾರ್ಕೆಟ್‌ಗೆ ಹೋಗಿದ್ದೆ. ಜೊತೆಗೆ ನಾಲ್ಕು ವರ್ಷದ ಮಗಳು. ಬಿಲ್ ಕೌಂಟರ್ ಪಕ್ಕದಲ್ಲಿ ಚಾಕೊಲೇಟ್ ಜೋಡಿಸಿಟ್ಟಿರ್ತಾರಲ್ಲ, ಸರಿಯಾಗಿ ಮಕ್ಕಳ ಕಣ್ಣಿನ ಎತ್ತರಕ್ಕೆ, ಅಲ್ಲಿ ಶುರುವಾಯ್ತು. ಬೇಡ ಅಂದೆ. ಅತ್ತಳು. ಬೇಡ ಅಂದ್ನಲ್ಲ ಅಂದೆ. ನೆಲಕ್ಕೆ ಬಿದ್ದು ಹೊರಳಾಡಿದಳು. ಸಾಲಿನಲ್ಲಿದ್ದವರೊಬ್ಬರು ನನ್ನ ಗುರುತು ಹಿಡಿದು ಮೊಬೈಲ್ ಮೇಲೆತ್ತಿದ್ರು. ರಾತ್ರಿ ಒಂಬತ್ತಕ್ಕೆ ಮಂತ್ರಿಗಳನ್ನು 'ಉತ್ತರ ಕೊಡಿ' ಅಂತ ಜೋರು ಮಾಡುವ ನಾನು ಹತ್ತೇ ನಿಮಿಷದಲ್ಲಿ ಶರಣಾದೆ. ಚಾಕೊಲೇಟ್ ಕೊಡಿಸಿದೆ. ಕಾರಿಗೆ ಬಂದ ಮೇಲೆ ಅವಮಾನ ತಡೆಯಲಾಗದೆ ಬೆನ್ನಿಗೆ ಒಂದು ಏಟೂ ಕೊಟ್ಟೆ.

ಮನೆಗೆ ಬಂದವಳು ಗೊಂಬೆಯನ್ನು ತೊಡೆ ಮೇಲೆ ಹಾಕಿಕೊಂಡು ಅದರ ಬೆನ್ನಿಗೆ ಹೊಡೀತಿದ್ಳು. 'ಎಲ್ಲರ ಮುಂದೆ ಮಾನ ಕಳೀತೀಯಾ?' ಅಂತಿದ್ಳು. ಮಾತು ನಂದು. ಧ್ವನಿಯೂ ನಂದು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಮಗುವಿಗೆ ಹೊಡೆದ್ರೆ ನಾವು ಕ್ಯಾಮೆರಾ ಎತ್ತಿಕೊಂಡು ಓಡ್ತೀವಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಓದಿ ಹೇಳ್ತೀವಿ. ಕಾರಿನೊಳಗೆ ನಾನು ಕೊಟ್ಟ ಏಟಿಗೆ ಯಾವ ಸೆಕ್ಷನ್?

ನಾನು ಓದಿದ್ದು ಇಂಜಿನಿಯರಿಂಗ್. ಯಂತ್ರ ತಪ್ಪು ಔಟ್‌ಪುಟ್ ಕೊಟ್ರೆ ಯಂತ್ರಕ್ಕೆ ಬೈಯೋದಿಲ್ಲ. ಒಳಗೆ ಏನು ಹಾಕಿದ್ವಿ ಅಂತ ನೋಡ್ತೀವಿ. ಮಗು ಯಂತ್ರ ಅಲ್ಲ, ಒಪ್ಪಿದೆ. ಆದರೆ ಈ ಪ್ರಶ್ನೆ ಇಲ್ಲೂ ಕೇಳಬೇಕಲ್ವಾ?

ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ರು. ಗುಂಡಿ ಕುಟುಕಿದರೆ ಕಾಳು. ಕುಟುಕಿದಾಗಲೆಲ್ಲ ಕಾಳು ಸಿಗ್ತಿದ್ದ ಪಾರಿವಾಳ, ಕಾಳು ನಿಲ್ಲಿಸಿದ ಮೇಲೆ ಬೇಗ ಸುಮ್ಮನಾಗುತ್ತೆ. ಆದರೆ ಒಮ್ಮೆ ಸಿಕ್ಕಿ, ಒಮ್ಮೆ ಸಿಗದೆ ಅಭ್ಯಾಸವಾದ ಪಾರಿವಾಳ? ಕುಟುಕ್ತಾನೇ ಇರುತ್ತೆ. ಮುಂದಿನ ಸಲ ಸಿಗಬಹುದು ಅನ್ನೋ ಆಸೆ. ಜೂಜಿನ ಯಂತ್ರದ ಮುಂದೆ ಮನುಷ್ಯ ಕೂರೋದೂ ಇದೇ ಲೆಕ್ಕದಲ್ಲಿ.

ಈಗ ನಮ್ಮ ಮನೆ ನೋಡಿ. ಊಟದ ಹೊತ್ತಲ್ಲಿ ಫೋನ್ ಇಲ್ಲ ಅಂತಾಳೆ ನನ್ನ ಹೆಂಡತಿ. 'ಅಳಿಸಬೇಡವೇ, ಪಾಪ' ಅಂತ ಅಜ್ಜಿ ಕೊಡ್ತಾರೆ. ಮನೆಗೆ ತಡವಾಗಿ ಬರೋ ನಾನು, ಹೊತ್ತು ಕೊಡಲಿಲ್ಲವಲ್ಲ ಅನ್ನೋ ತಪ್ಪಿತಸ್ಥ ಭಾವಕ್ಕೆ ಕೊಡ್ತೀನಿ. ಐದು ಸಲ ಬೇಡ, ಆರನೇ ಸಲ ತಗೋ. ಮಗಳು ಕಲಿತದ್ದೇನು? 'ಅಪ್ಪನ ಬೇಡ ಅಂದ್ರೆ ಇನ್ನೂ ಹತ್ತು ನಿಮಿಷ ಅಳಬೇಕು ಅಂತ ಅರ್ಥ.' ಅವಳು ಮೊಂಡಿ ಅಲ್ಲ ಸ್ವಾಮಿ. ನಾವು ಕಲಿಸಿದ ಪಾಠವನ್ನು ಚೆನ್ನಾಗಿ ಕಲಿತಿದ್ದಾಳೆ.

ಹಾಗಾದ್ರೆ ಏನು ಮಾಡೋದು? ನಮ್ಮ ಮನೆಯಲ್ಲಿ ಮಾಡಿದ್ದು ಹೇಳ್ತೀನಿ. ಮೊದಲು ದೊಡ್ಡವರು ಮೂವರೂ ಕೂತು ಒಂದೇ ನಿಯಮಕ್ಕೆ ಬಂದ್ವಿ. ಅಮ್ಮನನ್ನು ಒಪ್ಪಿಸೋದು ಮೈತ್ರಿ ಸರ್ಕಾರ ನಡೆಸಿದ ಹಾಗಿತ್ತು! ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದನ್ನೇ ಹಿಡಿದ್ವಿ. ಕೊಡೋದಿದ್ರೆ ಕೇಳಿದಾಗಲೇ ಕೊಡೋದು. ಇಲ್ಲ ಅಂದ್ರೆ ಕೊನೆಗೂ ಇಲ್ಲ. ಅಂಗಡಿಗೆ ಹೋಗೋ ಮುಂಚೆಯೇ ಹೇಳೋದು: 'ಇವತ್ತು ಚಾಕೊಲೇಟ್ ಇಲ್ಲ. ಬಾಳೆಹಣ್ಣು ಬೇಕಾ, ಸೇಬು ಬೇಕಾ, ನೀನೇ ಆರಿಸು.' ಅತ್ತರೆ ಪಕ್ಕದಲ್ಲೇ ಕೂರೋದು. 'ಸಿಗಲಿಲ್ಲ ಅಂತ ಬೇಜಾರಾಯ್ತಲ್ವಾ?' ಅಂತ ಒಂದೇ ಮಾತು. ಉಪದೇಶ ಇಲ್ಲ, ಲಂಚ ಇಲ್ಲ, ಏಟು ಇಲ್ಲ. ಹೊಡೆಯೋಕೆ, ಕಚ್ಚೋಕೆ ಬಂದ್ರೆ ಮಾತ್ರ ಕೈ ಹಿಡಿದು ತಡೆಯೋದು. ತಾನಾಗೇ ಫೋನ್ ಕೆಳಗಿಟ್ಟಾಗ, 'ಹೇಳಿದ ತಕ್ಷಣ ಇಟ್ಟೆಯಲ್ಲ, ಖುಷಿಯಾಯ್ತು' ಅನ್ನೋದು. ನಾವು ತಪ್ಪು ಮಾಡಿದಾಗ ಮಾತ್ರ ಮಕ್ಕಳ ಕಡೆ ನೋಡ್ತೀವಿ. ಅದೇ ದೊಡ್ಡ ತಪ್ಪು.

ಒಂದು ಎಚ್ಚರಿಕೆ. ಮೊದಲ ಕೆಲವು ದಿನ ಹಠ ಕಡಿಮೆ ಆಗಲ್ಲ, ಜಾಸ್ತಿ ಆಗುತ್ತೆ. ಹತ್ತು ನಿಮಿಷಕ್ಕೆ ಸಿಗ್ತಿದ್ದದ್ದು ಸಿಗದಿದ್ರೆ ಮಗು ಇಪ್ಪತ್ತು ನಿಮಿಷ ಅತ್ತು ನೋಡುತ್ತೆ. ಆಗ ಕೊಟ್ಟಿರೋ, ಕಥೆ ಮುಗೀತು. ಇಪ್ಪತ್ತು ನಿಮಿಷದ ಪಾಠ ಕಲಿಸಿದ ಹಾಗೆ. ಇನ್ನು, ಮಾತು ತಡವಾಗಿದ್ರೆ, ಮಗು ತಲೆ ಚಚ್ಚಿಕೊಳ್ತಿದ್ರೆ, ವಯಸ್ಸಾದಂತೆ ಸಿಟ್ಟು ಹೆಚ್ಚಾಗ್ತಿದ್ರೆ ಹಠ ಅಂತ ಸುಮ್ಮನಿರಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ನಿಮಗೇ ತಾಳ್ಮೆ ಕೆಡ್ತಿದ್ರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಉಚಿತ.

ಮರುದಿನ ಬೆಳಗ್ಗೆ ನಾನು ಮಗಳ ಹತ್ತಿರ ಕ್ಷಮೆ ಕೇಳಿದೆ. 'ಅಪ್ಪ ಹೊಡೆದದ್ದು ತಪ್ಪು, ಇನ್ನು ಹೊಡೆಯಲ್ಲ' ಅಂದೆ. ಅವಳು ಗೊಂಬೆ ತಂದು ಕೊಟ್ಟು, 'ಇವಳಿಗೂ ಹೇಳು' ಅಂದಳು. ಹೇಳಿದೆ. ಕ್ಯಾಮೆರಾ ಮುಂದೆ ಯಾವತ್ತೂ ಅಷ್ಟು ತಡವರಿಸಿಲ್ಲ ನಾನು.

ನಮ್ಮ ಸ್ಟುಡಿಯೋದಲ್ಲಿ ಜೋರಾಗಿ ಕೂಗಿದವರಿಗೇ ಮೈಕ್ ಸಿಗುತ್ತೆ. ನಿಮಗೂ ಗೊತ್ತು, ನನಗೂ ಗೊತ್ತು. ಮನೆಯಲ್ಲಾದ್ರೂ ಆ ನಿಯಮ ಬೇಡ. ಮೆಲ್ಲಗೆ ಕೇಳಿದ ಮಗುವಿನ ಮಾತು ಮೊದಲು ಕೇಳಿಸಿಕೊಳ್ಳೋಣ.