ಮಡಿಲು ಬಿಟ್ಟಿಳಿಯದ ಮೊಲ

(ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ಪ್ರಬೋಧನೆ – ಅಕ್ಟೋಬರ್ 4)



ಸಂತ ಫ್ರಾನ್ಸಿಸರ ಹಬ್ಬ ನಮ್ಮ ಕಡೆ ದಸರೆಯ ರಜೆಯ ಆಸುಪಾಸಿನಲ್ಲೇ ಬರುತ್ತದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ಊರಿಗೆ ಬಂದಿರುತ್ತಾರೆ, ಮೊಮ್ಮಕ್ಕಳು ಅಜ್ಜಿಯ ಮನೆಯಲ್ಲಿ ಇರುತ್ತಾರೆ. ಬುತ್ತಿ ಕಟ್ಟಿಕೊಂಡು ಮೃಗಾಲಯಕ್ಕೆ, ಪಕ್ಷಿಧಾಮಕ್ಕೆ, ಘಟ್ಟಕ್ಕೆ ಹೋಗುವ ದಿನಗಳಿವು. ಪ್ರಾಣಿಪಕ್ಷಿಗಳನ್ನು ಸೋದರ ಸೋದರಿಯರೆಂದು ಕರೆದ ಸಂತರು ಇದೇ ಸಮಯಕ್ಕೆ ನಮ್ಮ ಮುಂದೆ ಬಂದು ನಿಲ್ಲುವುದು ಒಳ್ಳೆಯದೇ ಆಯಿತು.

ಅವರ ಚರಿತ್ರೆ ನಿಮಗೆ ತಿಳಿದದ್ದೇ. ಬಟ್ಟೆ ವ್ಯಾಪಾರಿಯ ಮಗ. ಎಲ್ಲವನ್ನೂ ತ್ಯಜಿಸಿದರು. 1226ರ ಅಕ್ಟೋಬರ್ 3ರ ಸಂಜೆ ಪ್ರಭುವಿನಲ್ಲಿ ನಿದ್ರಿಸಿದರು. ಎರಡೇ ವರ್ಷಗಳಲ್ಲಿ, 1228ರಲ್ಲಿ, ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್‌ರವರು ಅವರನ್ನು ಪರಿಸರದ ಪಾಲಕ ಸಂತರೆಂದು ಸಾರಿದರು. ಸ್ವರೂಪದಲ್ಲಿ ಅವರನ್ನು ನೋಡಿದಾಗ ನಮಗೆ ಕಾಣುವುದೇನು? ಭುಜದ ಮೇಲೆ ಪಾರಿವಾಳ, ಕಾಲ ಬಳಿ ತೋಳ. ಹಾಗಾಗಿ ಅವರು ಮನೆತುಂಬ ಪ್ರಾಣಿ ಸಾಕಿದ್ದರೆಂದು ನಮ್ಮ ಮಕ್ಕಳು ಎಣಿಸುವುದುಂಟು. ಚರಿತ್ರೆ ಓದಿದರೆ ಬೇರೆಯೇ ಕಾಣುತ್ತದೆ.

ಸಂತರ ಮೊದಲ ಚರಿತ್ರೆಯನ್ನು ಬರೆದವರು ಅವರದೇ ಸಭೆಯ ಚೆಲಾನೋದ ಥಾಮಸ್. ಅದರಲ್ಲಿ ಒಂದು ಮೊಲದ ಸಂಗತಿ ಬರುತ್ತದೆ. ಗ್ರೆಚ್ಚೋ ಎಂಬ ಊರಿನಲ್ಲಿ ನಡೆದದ್ದು. 1223ರ ಕ್ರಿಸ್ಮಸ್ ರಾತ್ರಿ ಎತ್ತು ಕತ್ತೆಗಳನ್ನು ತರಿಸಿ ಗೋದಲಿಯ ಸಂಭ್ರಮ ನಡೆಸಿದರಲ್ಲ, ಅದೇ ಗ್ರೆಚ್ಚೋ. ಉರುಳಿಗೆ ಸಿಕ್ಕಿದ್ದ ಮೊಲವನ್ನು ಸಹೋದರರೊಬ್ಬರು ಜೀವಂತವಾಗಿ ತಂದುಕೊಟ್ಟರು. ಫ್ರಾನ್ಸಿಸರು ಮರುಕಪಟ್ಟು, ಇಷ್ಟು ಸುಲಭವಾಗಿ ಹೇಗಪ್ಪಾ ಮೋಸಹೋದೆ ಎಂದು ಅದನ್ನೇ ಕೇಳಿದರಂತೆ. ಮೊಲ ಬಂದು ಅವರ ಮಡಿಲಲ್ಲಿ ಅಡಗಿತು. ಸ್ವಲ್ಪ ಹೊತ್ತು ತಾಯಿಯಂತೆ ಸವರಿ, ಹೋಗಲಿ ಎಂದು ನೆಲಕ್ಕೆ ಬಿಟ್ಟರು. ಅದು ಹೋಗಲಿಲ್ಲ. ಮತ್ತೆ ಮಡಿಲಿಗೇ ಹತ್ತಿತು. ಮತ್ತೆ ಬಿಟ್ಟರು, ಮತ್ತೆ ಹತ್ತಿತು. ಎಷ್ಟು ಸಲ ಬಿಟ್ಟರೂ ಹೀಗೇ. ಕೊನೆಗೆ ಸಹೋದರರ ಕೈಲಿ ಕೊಟ್ಟು ಹತ್ತಿರದ ಕಾಡಿಗೆ ಕಳುಹಿಸಿದರು.

ನಮ್ಮ ಮನೆಯಾಗಿದ್ದರೆ ಅಷ್ಟು ಹೊತ್ತಿಗೆ ಅದಕ್ಕೊಂದು ಹೆಸರಿಟ್ಟು, ಫೋಟೋ ತೆಗೆದು, ವಾಟ್ಸ್ಆಪ್‌ನಲ್ಲಿ ನೆಂಟರಿಗೆಲ್ಲ ಕಳುಹಿಸಿ ಆಗಿರುತ್ತಿತ್ತು. “ನೋಡಿ, ಅದಕ್ಕೇ ಹೋಗಲು ಇಷ್ಟವಿಲ್ಲ, ಪಾಪ ಇರಲಿ ಬಿಡಿ” ಎನ್ನುತ್ತಿದ್ದೆವು. ಫ್ರಾನ್ಸಿಸರಿಗೂ ಆ ನೆಪ ಸಿದ್ಧವಾಗಿತ್ತು. ಆದರೆ ಮೊಲಕ್ಕೆ ಬೇಕಾದ ಹುಲ್ಲು, ಬಿಲ, ಜೊತೆಯ ಮೊಲಗಳು ಯಾವುವೂ ತಮ್ಮ ಮಡಿಲಿನಲ್ಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ರಿಯೆತಿ ಸರೋವರದಲ್ಲಿ ಬೆಸ್ತನೊಬ್ಬ ದೊಡ್ಡ ಮೀನು ಕೊಟ್ಟಾಗಲೂ ಅಷ್ಟೇ. ಸಂತೋಷದಿಂದ ತೆಗೆದುಕೊಂಡು, ಸೋದರ ಎಂದು ಕರೆದು, ದೋಣಿಯ ಪಕ್ಕದಲ್ಲೇ ನೀರಿಗೆ ಬಿಟ್ಟರು.

ಹಾಗೆಂದು ಮನೆಯಲ್ಲಿ ಪ್ರಾಣಿ ಸಾಕುವುದು ತಪ್ಪೆಂದು ಶ್ರೀಗ್ರಂಥ ಎಲ್ಲೂ ಹೇಳುವುದಿಲ್ಲ. ನಾತಾನ ಪ್ರವಾದಿ ದಾವೀದನಿಗೆ ಹೇಳಿದ ಸಾಮತಿ ನೆನಪಿಸಿಕೊಳ್ಳಿ. ಬಡವನ ಬಳಿ ಇದ್ದದ್ದು ಒಂದೇ ಕುರಿಮರಿ. ಅವನ ಮಕ್ಕಳೊಂದಿಗೆ ಬೆಳೆದು, ಅವನ ತುತ್ತಿನಲ್ಲಿ ತಿಂದು, ಅವನ ಮಗ್ಗುಲಲ್ಲಿ ಮಲಗಿ, ಮಗಳಂತೆ ಇತ್ತು. ಅರಸನ ಮನಸ್ಸನ್ನು ಕರಗಿಸಿದ್ದು ಈ ಮನೆಯ ಚಿತ್ರ. ತೋಬಿತನ ಗ್ರಂಥವನ್ನು ತೆರೆದರೆ ಅಲ್ಲೊಂದು ನಾಯಿ ಇದೆ. ಮಗ ತೋಬಿಯ ದೂರದೂರಿಗೆ ಹೊರಟಾಗ ಒಂದು ಕಡೆ ರಫಾಯೇಲ್ ದೂತ, ಇನ್ನೊಂದು ಕಡೆ ಮನೆಯ ನಾಯಿ. ದಾರಿಯಲ್ಲಿ ಟೈಗ್ರಿಸ್ ನದಿಯಿಂದ ಮೀನೊಂದು ಹಾರಿ ಹುಡುಗನ ಕಾಲು ಹಿಡಿಯಲು ನೋಡುತ್ತದೆ. ನಾಯಿ ಏನೂ ದೊಡ್ಡ ಕೆಲಸ ಮಾಡುವುದಿಲ್ಲ. ಜೊತೆಗೆ ಹೋಗುತ್ತದೆ, ಜೊತೆಗೆ ಮರಳುತ್ತದೆ. ಮನೆಯ ನಾಯಿಯ ಕೆಲಸವೇ ಅದಲ್ಲವೇ? ಸಾವಿರಾರು ವರ್ಷಗಳಿಂದ ಮನುಷ್ಯನ ಜೊತೆ ಬಾಳುತ್ತ ಬಂದ ನಾಯಿಗೆ ನಮ್ಮ ಮನೆಯೇ ಮನೆ. ಕುರಿಗೂ, ಕೋಳಿಗೂ, ದನಕ್ಕೂ ಹಾಗೆಯೇ. ಅವುಗಳನ್ನು ಕಾಡಿಗೆ ಬಿಟ್ಟರೆ ಅದೇ ಕ್ರೌರ್ಯ. 2020ರ ಲಾಕ್‌ಡೌನ್ ಕಾಲದಲ್ಲಿ ಬೇಸರ ಕಳೆಯಲೆಂದು ನಾಯಿಮರಿ ತಂದು, ಶಾಲೆ ಕಚೇರಿ ತೆರೆದ ಮೇಲೆ ಬೀದಿಗೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಅಂಥವರು ಪ್ರೀತಿ ಎಂಬ ಮಾತನ್ನು ಸ್ವಲ್ಪ ದಿನ ಬಳಸದಿರುವುದು ಮೇಲು.

ತೊಡಕಿರುವುದು ಇನ್ನೊಂದು ಬಗೆಯ ಸಾಕಣೆಯಲ್ಲಿ. ಎಲ್ಲರ ಮನೆಯಲ್ಲಿ ಇಲ್ಲದ್ದು ನಮ್ಮ ಮನೆಯಲ್ಲಿರಲಿ ಎಂಬ ಆಸೆ. ಗೂಡಿನಲ್ಲಿ ಗಿಳಿ, ಟಬ್ಬಿನಲ್ಲಿ ಆಮೆ, ಗಾಜಿನ ಪೆಟ್ಟಿಗೆಯಲ್ಲಿ ಹೊರದೇಶದ ಓತಿ.

ಹಿಂದಿನ ಒಂದು ವರ್ಷ ಇದೇ ಹಬ್ಬದಂದು ಒಂದು ಕುಟುಂಬ ಆಶೀರ್ವಾದಕ್ಕೆಂದು ನಕ್ಷತ್ರ ಆಮೆಯನ್ನು ತಂದಿತ್ತು. ಆರನೆಯ ತರಗತಿಯ ಹುಡುಗ ಅದನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ದಿನಾ ಸೌತೆಕಾಯಿ ಕೊಡುತ್ತಾನಂತೆ, ಶಾಲೆಯಿಂದ ಬಂದ ಕೂಡಲೇ ಅದರ ಜೊತೆ ಮಾತಾಡುತ್ತಾನಂತೆ. ಅಜ್ಜಿ ಹೇಳಿದರು, “ಇದು ಬಂದ ಮೇಲೆ ಮನೆಗೆ ಒಳ್ಳೇದಾಗಿದೆ ಸ್ವಾಮಿ.” ಚಿಪ್ಪನ್ನು ಮುಟ್ಟಿ ನೋಡಿದೆ. ಗಟ್ಟಿಯಿರಬೇಕಾದ ಕಡೆ ಮೆತ್ತಗಿತ್ತು. ಬಿಸಿಲು ಕಾಣದೆ ಟೈಲ್ಸ್ ನೆಲದ ಮೇಲೆ ಬೆಳೆದ ಆಮೆಗೆ ಹಾಗಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕುರುಚಲು ಕಾಡಿನಲ್ಲಿ ಹುಲ್ಲು ಮೇಯ್ದು, ಬಿಸಿಲು ಕಾಯಿಸಿಕೊಂಡು ಹತ್ತಾರು ವರ್ಷ ಬಾಳುವ ಜೀವಿ ಅದು. ಅದೃಷ್ಟ ತರುತ್ತದೆಂಬ ನಂಬಿಕೆಯಿಂದಲೇ ಅದನ್ನು ಹಿಡಿದು ಮಾರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಊರಿನ ಗಿಳಿಯನ್ನು ಪಂಜರದಲ್ಲಿಡುವುದೂ ಅಪರಾಧವೇ. 2019ರಲ್ಲಿ ದೇಶ ದೇಶಗಳು ಸೇರಿ ಈ ಆಮೆಯ ಅಂತಾರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಿದವು.

ಅಜ್ಜಿಗೆ ಮೊದಲು ಹೇಳಿದ್ದು ಕಾಯ್ದೆಯಲ್ಲ, ಮೊದಲನೆಯ ದೈವಾಜ್ಞೆ. ಮನೆಗೆ ಒಳ್ಳೆಯದು ಮಾಡುವವರು ದೇವರು. ಆಮೆಯ ಬೆನ್ನಿನ ಮೇಲೆ ಆ ಭಾರ ಹೊರಿಸುವುದು ವಿಶ್ವಾಸವಲ್ಲ. ಅವರು ಸ್ವಲ್ಪ ಮುನಿಸಿಕೊಂಡರು. ತಂದೆಗೆ ಬೇರೆಯೇ ಭಯ: “ನಾವಾಗಿಯೇ ಹೋಗಿ ಕೊಟ್ಟರೆ ನಮ್ಮ ಮೇಲೇ ಕೇಸ್ ಹಾಕಿಬಿಟ್ಟರೆ ಫಾದರ್? ಸುಮ್ಮನೆ ಕಬ್ಬಿನ ಗದ್ದೆಗೆ ಬಿಟ್ಟುಬಿಡಲಾ?” ಬೇಡವೆಂದೆ. ಅದು ಆ ಆಮೆಯ ನೆಲವಲ್ಲ. ಮೆತ್ತಗಿನ ಚಿಪ್ಪಿನ ಆಮೆಯನ್ನು ನಾಯಿ ಬಿಡುವುದಿಲ್ಲ. ಮನೆಯಲ್ಲಿ ಬೆಳೆದ ಪ್ರಾಣಿಯಿಂದ ಕಾಡಿನವಕ್ಕೆ ರೋಗ ತಗಲುವುದೂ ಉಂಟು. ಜೊತೆಗೆ ನಾನೂ ಬರುತ್ತೇನೆ ಎಂದೆ. ಎರಡು ದಿನ ಯೋಚಿಸಿ ಒಪ್ಪಿದರು. ಅರಣ್ಯ ಇಲಾಖೆಯ ಕಚೇರಿಯಲ್ಲಿ ಅಧಿಕಾರಿ ಬರೆದುಕೊಂಡು ಆಮೆಯನ್ನು ತೆಗೆದುಕೊಂಡರು. ಹುಡುಗ ಅಳಲಿಲ್ಲ. ಹಿಂದಿರುಗುವಾಗ ಬೈಕಿನ ಹಿಂದೆ ಕುಳಿತು ಕೇಳಿದ, “ಅದಕ್ಕೆ ನನ್ನ ನೆನಪಿರುತ್ತಾ ಫಾದರ್?” ಸೆಮಿನರಿಯಲ್ಲಿ ಇಷ್ಟು ವರ್ಷ ಓದಿದ್ದರಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಗ್ರೆಚ್ಚೋದ ಮೊಲದ ಸಂಗತಿಯನ್ನು ಹೇಳಿದೆ. ಅವನು ಕೇಳಿದ್ದು ಒಂದೇ: “ಆ ಮೊಲ ಮತ್ತೆ ಬಂದಿತ್ತಾ?”

ಪೋಷಕರೇ, ಮಗುವಿನ ಆ ನೋವು ಚಿಕ್ಕದಲ್ಲ. ಅದಕ್ಕೆ ಬದಲಿ ಆಟಿಕೆ ಕೊಡಿಸಿ ಮುಚ್ಚಬೇಡಿ. ನಾಳೆ ಅವನ ಮಗಳು ಓದಿಗೆಂದೋ ಮದುವೆಯಾಗಿಯೋ ಮನೆ ಬಿಟ್ಟು ಹೊರಟಾಗ ಇದೇ ಕೈ ಸಡಿಲಿಸಬೇಕಾಗುತ್ತದೆ. ಇಂದು ಸ್ವಲ್ಪ ಅಭ್ಯಾಸವಾಗಲಿ.

ಅಂದಹಾಗೆ, ಕಾಸಿನಗಲ ಇರುವಾಗ ಕೊಂಡು ತಂದು ತಟ್ಟೆಯಗಲ ಆದ ಮೇಲೆ ಕೆರೆಗೆ ಎಸೆಯುವ ಕೆಂಪು ಕಿವಿಯ ಆಮೆಗಳೂ ಇವೆ. ಅವು ಹೊರದೇಶದವು, ನಮ್ಮ ಕೆರೆಯ ಆಮೆಗಳ ಅನ್ನ, ಬಿಸಿಲು ಕಾಯುವ ಜಾಗ ಎರಡನ್ನೂ ಕಸಿಯುತ್ತವೆ. ದಯವಿಟ್ಟು ಕೆರೆಗೆ ಹಾಕಬೇಡಿ. ಅದಕ್ಕಿಂತ ಮೊದಲು, ಕೊಳ್ಳಲೇಬೇಡಿ.

ಇನ್ನು ಪ್ರವಾಸದ ಮಾತು. ಮೈಸೂರಿನ ಮೃಗಾಲಯ 1892ರಲ್ಲಿ ಆರಂಭವಾದದ್ದು. ನಿಮ್ಮ ತಾತಂದಿರೂ ಅಲ್ಲಿ ಆನೆ ನೋಡಿದ್ದಾರೆ. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಪಕ್ಷಿತಜ್ಞ ಸಲೀಂ ಅಲಿಯವರು ಆ ತಿಟ್ಟುಗಳನ್ನು ಕಂಡು ಮಹಾರಾಜರಿಗೆ ಹೇಳಿದ್ದರಿಂದ ಅದು ಉಳಿಯಿತು. ಹೋಗಿ ಬನ್ನಿ. ಹೊಳೆ ಇಳಿದು ದೋಣಿ ಬಿಡುತ್ತಿದ್ದರೆ ಹತ್ತಿ ಕುಳಿತು, ಹತ್ತು ನಿಮಿಷ ಮನೆಯವರೆಲ್ಲ ಬಾಯಿ ಮುಚ್ಚಿ ನೋಡಿ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಮರದ ತುಂಬ ಕೊಕ್ಕರೆಗಳು. ಮಾತಿಲ್ಲದ ಹತ್ತು ನಿಮಿಷ ಒಂದು ಕುಟುಂಬಕ್ಕೆ ಸಿಗುವುದು ಈಗ ಅಪರೂಪ. ಅದೂ ಒಂದು ಬಗೆಯ ಪ್ರಾರ್ಥನೆಯೇ ಎಂದು ನಾನು ಎಣಿಸುತ್ತೇನೆ.

ಆದರೆ ಘಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿ ಕೋತಿಗೆ ಚಿಪ್ಸ್ ಎಸೆಯಬೇಡಿ. ನಿಮ್ಮ ಮಗು ನಕ್ಕಿತು ನಿಜ. ಆ ಕೋತಿ ಮುಂದಿನ ಕಾರಿಗೂ ಕಾದು ರಸ್ತೆಯಲ್ಲೇ ಕೂರುತ್ತದೆ, ಅದರ ಮರಿ ಲಾರಿಯ ಚಕ್ರಕ್ಕೆ ಸಿಗುತ್ತದೆ. ಬಂಡೀಪುರದ ರಸ್ತೆಯಲ್ಲಿ ಇಳಿದು ಫೋಟೋ ತೆಗೆಯಬೇಡಿ. 2025ರ ಆಗಸ್ಟ್‌ನಲ್ಲಿ ಅಲ್ಲಿ ಆನೆಯ ಹತ್ತಿರ ಹೋದ ಒಬ್ಬರನ್ನು ಆನೆ ಅಟ್ಟಿಸಿಕೊಂಡು ಹೋಗಿ ಕೆಡವಿದ್ದನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದಿರಿ. ಜೀವ ಉಳಿದದ್ದು ದೈವಕೃಪೆ. ತಪ್ಪು ಆನೆಯದಲ್ಲ.

ನಮ್ಮ ಕಬ್ಬಿನ ಸೀಮೆಯಲ್ಲಂತೂ ಪ್ರಾಣಿ ನೋಡಲು ಟಿಕೆಟ್ ಬೇಕಿಲ್ಲ. ಕಬ್ಬು ಕಡಿಯುವಾಗ ಚಿರತೆಮರಿಗಳು ಸಿಗುವುದನ್ನು ನೀವೇ ಕಂಡಿದ್ದೀರಿ. ತಾಯಿ ಬಿಟ್ಟುಹೋಗಿದೆ ಎಂದು ಎತ್ತಿಕೊಂಡು ಬಂದು, ಹಾಲು ಕುಡಿಸಿ, ಮಕ್ಕಳ ಕೈಗೆ ಕೊಡುತ್ತಾರೆ. ತಾಯಿ ಬಿಟ್ಟುಹೋಗಿರುವುದಿಲ್ಲ, ಜನರ ಗದ್ದಲ ಅಡಗಲಿ ಎಂದು ಹತ್ತಿರದಲ್ಲೇ ಕಾದಿರುತ್ತದೆ. ಮರಿಗಳನ್ನು ಮುಟ್ಟದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಸಿಕ್ಕ ಜಾಗದಲ್ಲೇ ಇರಿಸಿದರೆ, ಎಷ್ಟೋ ಸಲ, ರಾತ್ರಿ ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕರೆ ಮರಿಗಳೊಂದಿಗೆ ತಾಯಿಯನ್ನು ಹಿಡಿಯಬೇಡಿರೆಂದು ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಮೋಶೆ ವಿಧಿಸಿದ್ದು ಸುಮ್ಮನೆ ಅಲ್ಲ. ತಾಯಿ ಮರಿಗಳ ನಡುವೆ ನಾವು ಕೈ ಹಾಕಬಾರದು.

ಇದನ್ನು ಹೇಳುವಾಗ ನನಗೆ ಅಂಜಿಕೆಯೂ ಇದೆ. 2022ರ ಕೊನೆ ಮತ್ತು 2023ರ ಮೊದಲಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ನಾಲ್ವರು ಬಲಿಯಾದರು; ಒಬ್ಬ ಹನ್ನೊಂದು ವರ್ಷದ ಬಾಲಕ. ಸಂಜೆಯ ಮೇಲೆ ಮಕ್ಕಳನ್ನು ಅಂಗಡಿಗೆ ಕಳುಹಿಸಲೂ ಹೆದರಿದ ತಾಯಂದಿರಿಗೆ ‘ಚಿರತೆ ನಿಮ್ಮ ಸೋದರ’ ಎಂದು ಬೋಧಿಸುವುದು ಸುಲಭವಲ್ಲ, ಸರಿಯೂ ಅಲ್ಲ. ಗುಬ್ಬಿಯೋದ ತೋಳದ ಕಥೆ ನಿಮಗೆ ಗೊತ್ತು. ಅದು ಸಂತರ ಕಾಲಾನಂತರ ಸಂಗ್ರಹವಾದ ಕಥೆ. ಅಲ್ಲಿನ ತೋಳ ಮನುಷ್ಯರನ್ನೇ ತಿಂದಿತ್ತು. ಫ್ರಾನ್ಸಿಸರು ಊರಿನವರ ಭಯವನ್ನು ಹಗುರ ಮಾಡಲಿಲ್ಲ; ತೋಳದ ಅಪರಾಧವನ್ನು ಅದರ ಮುಖದ ಮುಂದೆಯೇ ಹೇಳಿದರು. ಅದರ ಹಸಿವನ್ನು ಊರಿನವರಿಗೂ ತಿಳಿಸಿ ಎರಡೂ ಕಡೆಯವರಿಂದ ಮಾತು ತೆಗೆದುಕೊಂಡರು. (ಕಾಡುಪ್ರಾಣಿಗೆ ಊಟ ಹಾಕಲು ಇದೇ ಆಧಾರ ಎಂದು ಯಾರೂ ನನ್ನ ಬಳಿ ವಾದಕ್ಕೆ ಬರಬೇಡಿ.) ನಮ್ಮ ಪಾಲಿನ ಮಾತೆಂದರೆ ಕತ್ತಲಾದ ಮೇಲೆ ಮಕ್ಕಳನ್ನು ಒಬ್ಬೊಬ್ಬರನ್ನೇ ಬಿಡದಿರುವುದು, ಕೊಟ್ಟಿಗೆಗೆ ಗಟ್ಟಿ ಬಾಗಿಲು ಹಾಕುವುದು, ಕೋಳಿಯಂಗಡಿಯ ತ್ಯಾಜ್ಯವನ್ನು ಊರ ಹೊರಗೆ ಸುರಿಯದಿರುವುದು. ತ್ಯಾಜ್ಯಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ ಬರುತ್ತದೆ. ಕೊನೆಯ ಮಾತನ್ನು ಪಂಚಾಯಿತಿಗೆ ನಾವು ಎರಡು ಸಲ ಬರೆದುಕೊಟ್ಟಿದ್ದೇವೆ. ಮೂರನೆಯ ಅರ್ಜಿಗೆ ಪೂಜೆಯ ನಂತರ ಸಹಿ ಹಾಕಿ ಹೋಗಿ.

ಗುರುನಿವಾಸದ ಹಿಂದಿನ ಸೌದೆ ರಾಶಿಯಲ್ಲಿ ಒಂದು ಕೇರೆಹಾವಿದೆ. ಇಲಿ ಹಿಡಿಯುತ್ತದೆ, ವಿಷವಿಲ್ಲ. ಹೊಡೆಯಲು ದೊಣ್ಣೆ ತಂದ ಯುವಕರಿಗೆ ಹೇಳಿದ್ದೇನೆ: ಆದಿಕಾಂಡದ ಸರ್ಪದ ಸಾಲವನ್ನು ಈ ಬಡ ಕೇರೆಯಿಂದ ವಸೂಲಿ ಮಾಡಬೇಡಿ.

ಇನ್ನೊಂದು ಮಾತು. ಪ್ರಾಣಿಗಳನ್ನು ವೃಥಾ ಹಿಂಸಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಬಡವರ ಸಂಕಟಕ್ಕೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ತಕ್ಕದ್ದಲ್ಲವೆಂದು ಅಲ್ಲೇ ಹೇಳುತ್ತದೆ. ಹಿಮದ ನಾಡಿನ ನಾಯಿಯನ್ನು ತಂದು ಅದಕ್ಕೊಂದು ಏಸಿ ಕೋಣೆ ಮಾಡಿ, ಪಾತ್ರೆ ತೊಳೆಯುವ ಹೆಂಗಸಿನ ಸಂಬಳದಲ್ಲಿ ನೂರು ರೂಪಾಯಿ ಹಿಡಿಯುವ ಮನೆಗೆ ಸಂತ ಫ್ರಾನ್ಸಿಸರು ಬಂದರೆ ಅಡುಗೆಮನೆಯ ಬಾಗಿಲಿನಿಂದಲೇ ಒಳಗೆ ಬರುತ್ತಾರೆ.

ಪೂಜೆಯ ನಂತರ ಹುಣಸೆಮರದ ಕೆಳಗೆ ಪ್ರಾಣಿಗಳ ಆಶೀರ್ವಾದವಿದೆ. ನಾಯಿಗಳನ್ನು ಬಲಗಡೆ ಹಿಡಿದುಕೊಳ್ಳಿ. ಕೋಳಿ, ಬೆಕ್ಕು, ಮೇಕೆ ಎಡಗಡೆ ಇರಲಿ. ಮಕ್ಕಳು ಹಗ್ಗ ಬಿಡಬಾರದು. ಗಿಳಿಯನ್ನೋ ಆಮೆಯನ್ನೋ ಮನೆಯಲ್ಲಿ ಇಟ್ಟುಕೊಂಡಿರುವವರು ಮೆಲ್ಲಗೆ ಜಾರಿಕೊಳ್ಳಬೇಡಿ, ನಾನು ಬೈಯುವುದಿಲ್ಲ. ಗುರುನಿವಾಸಕ್ಕೆ ಬನ್ನಿ, ಕಾಫಿ ಕುಡಿಯುತ್ತ ಮಾತಾಡೋಣ. ಅರಣ್ಯ ಕಚೇರಿಯ ದಾರಿ ನನಗೆ ಈಗ ಚೆನ್ನಾಗಿ ಗೊತ್ತು. ಈಗ ವಿಶ್ವಾಸಿಗಳ ಪ್ರಾರ್ಥನೆಗಾಗಿ ಎದ್ದು ನಿಲ್ಲೋಣ.